ಐಫೋನಲ್ಲಿ ಮೇಲ್ ಮುಕ್ಕಾಲು ಗಂಟೆ ತಡವಾಗಿ ಬರ್ತಿದೆ, ಕೆಲಸ ಕೈತಪ್ತಿದೆ. ಯಾವ ಸೆಟ್ಟಿಂಗು?

ತೋಟದಂಚು · ಬೆಳಿಗ್ಗೆ 9:14

ನಮಸ್ಕಾರ ಎಲ್ರಿಗೂ. ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗೆ ನಮ್ಮನೆ. ಮನೇಲಿ ಕೂತು ಅನುವಾದದ ಕೆಲಸ ಮಾಡ್ತೀನಿ. ಒಂದು ಏಜೆನ್ಸಿಯವ್ರು ಕೆಲಸ ಬಂದಾಗ ಹತ್ತು ಹನ್ನೆರಡು ಜನಕ್ಕೆ ಒಟ್ಟಿಗೆ ಮೇಲ್ ಹಾಕ್ತಾರೆ, ಯಾರು ಮೊದ್ಲು "ನಾನು ಮಾಡ್ತೀನಿ" ಅಂತ ಉತ್ತರ ಕೊಡ್ತಾರೋ ಅವ್ರಿಗೆ ಕೆಲಸ. ಈ ತಿಂಗ್ಳು ಹೀಗೆ ಮೂರು ಹೋಯ್ತು. ಮೂರೂ ಸಲ ನಾನು ಉತ್ತರ ಹಾಕೋ ಹೊತ್ತಿಗೆ "ಬೇರೆಯವ್ರಿಗೆ ಕೊಟ್ಟಾಯ್ತು ಮೇಡಂ". ನಿನ್ನೆದಂತೂ ಇಪ್ಪತ್ನಾಲ್ಕು ಪುಟದ ತೋಟಗಾರಿಕೆ ಕೈಪಿಡಿ, ಕಣ್ಮುಚ್ಕೊಂಡು ಮಾಡ್ಬಹುದಿತ್ತು, ಹೊಟ್ಟೆ ಉರೀತಿದೆ.

ಫೋನು ನಮ್ಮ ಯಜಮಾನ್ರ ಹಳೇ ಐಫೋನು. ಜಿಮೇಲ್ ಅಕೌಂಟು, ಫೋನ್ ಜೊತೆಗೇ ಬಂದಿರೋ ಮೇಲ್ ಆ್ಯಪಲ್ಲಿ ಹಾಕ್ಕೊಂಡಿದೀನಿ. ಸೆಟ್ಟಿಂಗಲ್ಲಿ ಆಟೋಮ್ಯಾಟಿಕಲಿ ಅಂತಲೇ ಇದೆ, ಅಂದ್ರೆ ತಾನಾಗೇ ಬರ್ಬೇಕಲ್ವಾ? ಆದ್ರೆ ಹಗಲೊತ್ತು ಬರೋದೇ ಇಲ್ಲ, ನಾನೇ ಆ್ಯಪ್ ತೆಗ್ದು ಕೆಳಗೆ ಎಳೆದ್ರೆ ಐದಾರು ಒಟ್ಟಿಗೆ ದಡದಡ ಬೀಳುತ್ತೆ. ವಿಚಿತ್ರ ಅಂದ್ರೆ ರಾತ್ರಿ ಮಲಗೋ ಹೊತ್ತಲ್ಲಿ ಸರಿಯಾಗಿ ಟಣ್ ಅಂತ ಬರುತ್ತೆ. ರಾತ್ರಿ ಬಂದು ನನ್ಗೆ ಏನು ಉಪಯೋಗ. ನೆಟ್‌ವರ್ಕ್ ದೋಷ ಇರ್ಬಹುದಾ? ಮನೇಲಿ ಫೈಬರ್ ವೈಫೈ ಇದೆ, ಮೊಬೈಲ್ ಸಿಗ್ನಲ್ ಕಿಟಕಿ ಹತ್ರ ಮಾತ್ರ ಎರಡು ಕಡ್ಡಿ.

ಚಾರ್ಜರ್_ಎಲ್ಲಿ · 9:21

ರೀಸ್ಟಾರ್ಟ್ ಮಾಡಿ ನೋಡಿ

ತೋಟದಂಚು · 9:23

ನಾಲ್ಕು ಸಲ ಆಯ್ತು.

ಒಂಟಿಕೊಪ್ಪಲ್_ಆಂಟಿ · 9:40

ಏಜೆನ್ಸಿಯವ್ರ ಅಡ್ರೆಸ್ಸನ್ನ ವಿಐಪಿ ಮಾಡ್ಕೊಳ್ಳಿ ಕಣ್ರೀ, ಅವ್ರ ಮೇಲ್ ಬೇಗ ಬರುತ್ತೆ. ನಾನು ಮಗಳ ಕಾಲೇಜಿನದ್ದಕ್ಕೆ ಹಾಗೇ ಮಾಡಿದೀನಿ. ಮೇಲ್ ತೆಗ್ದು ಕಳಿಸಿದವ್ರ ಹೆಸ್ರು ಒತ್ತಿದ್ರೆ ಆ್ಯಡ್ ಟು ವಿಐಪಿ ಅಂತ ಬರುತ್ತೆ.

ಸರ್ವರ್_ಸಣ್ಣಪ್ಪ · 9:52

ಆಂಟಿ, ವಿಐಪಿ ಮಾಡಿದ್ರೆ ಬೇಗ ಬರಲ್ಲ. ಬಂದ ಮೇಲೆ ಬೇರೆ ಥರ ಸದ್ದು ಮಾಡುತ್ತೆ ಅಷ್ಟೆ. ಮೇಲ್ ಫೋನಿಗೇ ತಲುಪಿಲ್ಲ ಅಂದ್ರೆ ವಿಐಪಿ ಆದ್ರೇನು ಪಿಎ ಆದ್ರೇನು.

ತೋಟದಂಚು ಮೇಡಂ, ನಿಮ್ಮ ಪೋಸ್ಟಲ್ಲೇ ಉತ್ತರ ಇದೆ. ರಾತ್ರಿ ಯಾಕೆ ಸರಿಯಾಗಿ ಬರುತ್ತೆ ಅಂತ ಯೋಚ್ನೆ ಮಾಡಿದ್ರಾ? ರಾತ್ರಿ ಫೋನ್ ಚಾರ್ಜಿಗೆ ಹಾಕಿರ್ತೀರ, ಅಲ್ವಾ? ಆಟೋಮ್ಯಾಟಿಕಲಿ ಅನ್ನೋ ಪದ ನಂಬಿ ಎಲ್ರೂ ಮೋಸ ಹೋಗ್ತಾರೆ. ಅದ್ರ ಅರ್ಥ "ಮೇಲ್ ತಾನಾಗೇ ಬರುತ್ತೆ" ಅಂತ ಅಲ್ಲ. ಫೋನು ಚಾರ್ಜಿಗೆ ಹಾಕಿ, ಜೊತೆಗೆ ವೈಫೈನೂ ಇದ್ರೆ ಮಾತ್ರ ಹಿಂದುಗಡೆ ಹೋಗಿ ಮೇಲ್ ತರುತ್ತೆ, ಇಲ್ದಿದ್ರೆ ಸುಮ್ನಿರುತ್ತೆ, ನೀವು ಆ್ಯಪ್ ತೆಗೆಯೋ ತನಕ. ಅದೇ ಪರದೆಯ ಅಡಿಯಲ್ಲಿ ಸಣ್ಣ ಬೂದು ಅಕ್ಷರದಲ್ಲಿ ಬರೆದೂ ಇದೆ, ಯಾರ ಕಣ್ಣಿಗೂ ಬೀಳಲ್ಲ.

ಸೆಟ್ಟಿಂಗ್ಸ್, ಆ್ಯಪ್ಸ್, ಮೇಲ್, ಮೇಲ್ ಅಕೌಂಟ್ಸ್, ಫೆಚ್ ನ್ಯೂ ಡೇಟಾ. ಐಒಎಸ್ 18ಕ್ಕಿಂತ ಹಳೇದಿದ್ರೆ ಆ್ಯಪ್ಸ್ ಅನ್ನೋದು ಇರಲ್ಲ, ನೇರ ಮೇಲ್, ಅಕೌಂಟ್ಸ್ ಅಂತ ಹೋಗಿ. ಕೆಳಗಡೆ ಆಟೋಮ್ಯಾಟಿಕಲಿ, ಮ್ಯಾನ್ಯುಯಲಿ, ಗಂಟೆಗೊಂದ್ಸಲ, 30 ನಿಮಿಷ, 15 ನಿಮಿಷ ಅಂತಿರುತ್ತೆ. 15ಕ್ಕೆ ಇಡಿ.

ತೋಟದಂಚು · 10:05

ಅಯ್ಯೋ ದೇವ್ರೇ. ಹೌದು, ರಾತ್ರಿ ಹತ್ತಕ್ಕೆ ಚಾರ್ಜಿಗೆ ಹಾಕಿ ಮಲಗ್ತೀನಿ. ಈಗ ನೋಡ್ದೆ, ಬೂದು ಅಕ್ಷರ ಇದೆ, ಎರಡು ವರ್ಷದಿಂದ ಅಲ್ಲೇ ಇತ್ತು ಅನ್ಸುತ್ತೆ.

ಆದ್ರೆ 15 ನಿಮಿಷ ಅಂದ್ರೂ ತಡವೇ ಅಲ್ವಾ? ಬೆಂಗ್ಳೂರಲ್ಲಿ ಕೂತಿರೋರು ಎರಡು ನಿಮಿಷದಲ್ಲಿ ಉತ್ತರ ಹಾಕ್ತಾರೆ. ಮೇಲ್ಗಡೆ ಪುಶ್ ಅಂತ ಒಂದು ಬಟನ್ ಇದೆ, ಅದು ಹಸಿರಾಗೇ ಇದೆ. ಹಸಿರಿದ್ರೂ ಯಾಕೆ ಬರಲ್ಲ?

ಗಂಗೊಳ್ಳಿ_ಗಾಳಿ · 10:18

ಹ್ವಾಯ್, ಪುಶ್ಶು ಫೆಚ್ಚು ಎಂತ ಅಂತ ನಮ್ಮೂರ ಲೆಕ್ಕದಲ್ಲಿ ಹೇಳ್ತೆ ಕೇಣಿ. ಬೆಳಿಗ್ಗೆ ಮೀನಿನ ಗಾಡಿಯವ ಗೇಟಿನೆದುರು ಪೋಂ ಪೋಂ ಅಂತ ಹಾರ್ನ್ ಹೊಡಿತ, ನೀವು ಪಾತ್ರೆ ಹಿಡ್ಕಂಡು ಓಡೂದು. ಅದು ಪುಶ್. ಹಾರ್ನ್ ಇಲ್ಲದ ಗಾಡಿ ಆದ್ರೆ ಕಾಲು ಗಂಟೆಗೊಂದ್ಸಲ ಗೇಟಿಗೆ ಬಂದು ಬಗ್ಗಿ ನೋಡ್ಕ್. ಅದು ಫೆಚ್. ನಿಮ್ಮ ಫೋನಿನ ಪುಶ್ ಬಟನ್ ಹಸಿರಿದ್ರೆ ನಿಮ್ಮ ಕಿವಿ ಸರಿ ಇತ್ತ್ ಅಂತ ಅರ್ಥ. ಗಾಡಿಗೆ ಹಾರ್ನ್ ಇರ್ಕಲೆ.

ತೋಟದಂಚು · 10:22

ನಮ್ಮನೇಲಿ ಮೀನು ಇಲ್ಲ, ಆದ್ರೆ ಬ್ರೆಡ್ಡಿನ ಗಾಡಿ ಬರುತ್ತೆ, ಅರ್ಥ ಆಯ್ತು 😄

ಸರ್ವರ್_ಸಣ್ಣಪ್ಪ · 10:35

ಗಾಳಿಯವ್ರು ಹೇಳಿದ್ದು ಪಕ್ಕಾ. ಐಕ್ಲೌಡ್, ಎಕ್ಸ್‌ಚೇಂಜ್ (ಆಫೀಸುಗಳಲ್ಲಿ ಬಳಸೋ ಮೈಕ್ರೋಸಾಫ್ಟ್ ಮೇಲ್), ಔಟ್‌ಲುಕ್, ಯಾಹೂ ಇವೆಲ್ಲ ಆ್ಯಪಲ್ ಮೇಲ್‌ನಲ್ಲಿ ಹಾರ್ನ್ ಹೊಡೀತವೆ. ಜಿಮೇಲ್ ಹೊಡೆಯಲ್ಲ. ಅದೇ ಪರದೆಯಲ್ಲಿ ಜಿಮೇಲ್ ಅಕೌಂಟ್ ಒತ್ತಿ ನೋಡಿ, ಫೆಚ್ ಮತ್ತೆ ಮ್ಯಾನ್ಯುಯಲ್ ಎರಡೇ ಆಯ್ಕೆ ಇರುತ್ತೆ, ಪುಶ್ ಅನ್ನೋ ಸಾಲೇ ಇರಲ್ಲ.

ಒಂದು ಕಾಲದಲ್ಲಿ ಇತ್ತು. ಗೂಗಲ್ ಸಿಂಕ್ ಅಂತ, ಎಕ್ಸ್‌ಚೇಂಜ್ ಅಂತ ಹೇಳಿ ಜಿಮೇಲ್ ಸೇರಿಸಿದ್ರೆ ಪುಶ್ ಬರ್ತಿತ್ತು. 2013ರ ಜನವರಿ 30ರ ನಂತರ ಪುಕ್ಕಟೆ ಅಕೌಂಟಿನವ್ರಿಗೆ ಹೊಸ ಫೋನ್ ಸೇರಿಸೋಕೆ ಬಿಡ್ಲಿಲ್ಲ. ಮೊದ್ಲೇ ಹಾಕ್ಕೊಂಡಿದ್ದವ್ರದ್ದು ನಡೀತಿತ್ತು. ಅದಕ್ಕೇ ನಮ್ಮ ಆಫೀಸಲ್ಲೊಬ್ಬ ಒಡೆದು ಹೋದ ಐಫೋನ್ 4ನ್ನ ಟೇಪ್ ಸುತ್ಕೊಂಡು ಬಹಳ ದಿನ ಇಟ್ಕೊಂಡಿದ್ದ.

ಈಗ ದಾರಿ ಒಂದೇ. ಜಿಮೇಲ್‌ನವ್ರದ್ದೇ ಆ್ಯಪ್ ಹಾಕ್ಕೊಳ್ಳಿ. ಅದಕ್ಕೆ ಪುಶ್ ಇದೆ. ಹಾಕಿದ ಮೇಲೆ ಈ ಕಡೆ ಆ್ಯಪಲ್ ಮೇಲ್‌ನಲ್ಲಿ ಜಿಮೇಲನ್ನ ಮ್ಯಾನ್ಯುಯಲ್‌ಗೆ ತಳ್ಳಿ, ಇಲ್ದಿದ್ರೆ ಒಂದೇ ಮೇಲ್‌ಗೆ ಇಬ್ರೂ ಓಡಾಡಿ ಬ್ಯಾಟರಿ ತಿಂತಾರೆ.

ಹುಬ್ಬಳ್ಳಿ_ಗಿರ್ಮಿಟ್ · 10:50

ಪುಶ್ ಹಾಕಬ್ಯಾಡ್ರೀ ಅಕ್ಕಾರ, ಬ್ಯಾಟರಿ ಮಧ್ಯಾಹ್ನಕ್ಕ ಮಕ್ಕೋತದ. ಇಪ್ಪತ್ನಾಕು ತಾಸೂ ಕನೆಕ್ಷನ್ ಹಿಡಕೊಂಡ ಕುಂದ್ರತೈತಿ ಅದು. ಫೆಚ್ ಛಲೋ, ಹೋಗಿ ತಂದು ಸುಮ್ಮನಾಗತೈತಿ.

ನಂದೂ ಒಂದ್ ಪ್ರಶ್ನೆ ಐತ್ರಿ. ಆಂಡ್ರಾಯ್ಡ್ ಫೋನು, ಚೀನಾ ಬ್ರ್ಯಾಂಡ್. ನಮ್ಮ ಅಂಗಡಿದ ಸ್ವಂತ ಡೊಮೇನ್ ಮೇಲ್ ಜಿಮೇಲ್ ಆ್ಯಪಿನ್ಯಾಗ ಹಾಕೀನಿ. ಡೀಲರ್ ಕಡಿಂದ ಮುಂಜಾನೆ ರೇಟ್ ಲಿಸ್ಟ್ ಬರತೈತಿ, ಅದು ನನ್ನ ಫೋನಿಗೆ ಬರೂದು ಎರಡ ತಾಸ ತಡ. ಅಷ್ಟೊತ್ತಿಗೆ ಹಳೇ ರೇಟಿಗೆ ಕಬ್ಬಿಣ ಮಾರಿರ್ತೀನಿ.

ಸರ್ವರ್_ಸಣ್ಣಪ್ಪ · 11:04

ಪುಶ್ ಬ್ಯಾಟರಿ ತಿನ್ನುತ್ತೆ ಅನ್ನೋದು ಹಳೇ ಕಾಲದ ಮಾತು ಗಿರ್ಮಿಟ್ ಅವ್ರೇ. ಐಫೋನಲ್ಲಿ ಆ್ಯಪಲ್‌ನವ್ರ ನೋಟಿಫಿಕೇಶನ್ ಸರ್ವರ್ ಜೊತೆ ಒಂದೇ ಒಂದು ಕನೆಕ್ಷನ್ ಯಾವಾಗ್ಲೂ ತೆರೆದಿರುತ್ತೆ. ವಾಟ್ಸಾಪ್, ಬ್ಯಾಂಕು, ಜಿಮೇಲ್ ಎಲ್ಲ ಅದೇ ಕೊಳವೇಲಿ ಬರುತ್ತೆ. ಆಂಡ್ರಾಯ್ಡ್‌ನಲ್ಲೂ ಗೂಗಲ್‌ನವ್ರದ್ದು ಹಾಗೇ ಒಂದಿದೆ. ಜಿಮೇಲ್ ಹಾಕಿದ ಮಾತ್ರಕ್ಕೆ ಹೊಸ ಕನೆಕ್ಷನ್ ಏನೂ ಹುಟ್ಟಲ್ಲ. ಫೆಚ್ ಹಾಗಲ್ಲ, ಪ್ರತಿ ಸಲ ಎದ್ದು ಸರ್ವರ್ ಹುಡುಕಿ ಪಾಸ್‌ವರ್ಡ್ ತೋರ್ಸಿ "ಏನಾದ್ರೂ ಇದ್ಯಾ" ಅಂತ ಕೇಳಿ, ಇಲ್ಲ ಅನ್ನಿಸ್ಕೊಂಡು ವಾಪಸ್ ಬರ್ಬೇಕು. 15 ನಿಮಿಷಕ್ಕೊಂದ್ಸಲ ಅಂದ್ರೆ ದಿನಕ್ಕೆ 96 ಸಲ, ಮೂರು ಅಕೌಂಟ್ ಇದ್ರೆ 288 ಸಲ. ಅದ್ರಲ್ಲಿ ಮುಕ್ಕಾಲು ಪಾಲು ಬರೀ ಕೈಲಿ ವಾಪಸ್.

ಕೆ9_ಭಕ್ತ · 11:20

ಸಣ್ಣಪ್ಪ ಅವ್ರ ಲೆಕ್ಕ ಒಪ್ತೀನಿ ಆದ್ರೆ ಅರ್ಧ ಮಾತ್ರ. ದಿನಕ್ಕೆ ಇನ್ನೂರು ಮೇಲ್ ಬರೋ ಆಸಾಮಿಗೆ ಪುಶ್ ಹಾಕಿದ್ರೆ ಫೋನು ಇನ್ನೂರು ಸಲ ಏಳುತ್ತೆ. ಅದೇ ಗಂಟೆಗೊಂದ್ಸಲ ಫೆಚ್ ಇಟ್ರೆ 24 ಸಲ. ಅಂಥವ್ರಿಗೆ ಫೆಚ್ಚೇ ವಾಸಿ. ಮೇಲ್ ಕಡಿಮೆ, ಆದ್ರೆ ಬಂದ ತಕ್ಷಣ ಬೇಕು ಅನ್ನೋರಿಗೆ ಪುಶ್. ಪಕ್ಷ ಕಟ್ಕೊಂಡು ಜಗಳ ಆಡೋ ವಿಷಯ ಅಲ್ಲ ಇದು.

ಇನ್ನೊಂದು, ಸಿಗ್ನಲ್ ಒಂದು ಕಡ್ಡಿ ಇರೋ ಕಡೆ ಪುಶ್ಶೋ ಫೆಚ್ಚೋ ಅನ್ನೋದಕ್ಕಿಂತ ರೇಡಿಯೋನೇ ಜಾಸ್ತಿ ತಿನ್ನುತ್ತೆ. ಟವರ್ ದೂರ ಇದ್ದಷ್ಟೂ ಫೋನು ಜೋರಾಗಿ ಕೂಗ್ಬೇಕು. ಮೇಡಂ, ಮನೇಲಿ ವೈಫೈ ಮೇಲೇ ಇರಿ.

ತೋಟದಂಚು · 11:31

ವೈಫೈ ಮೇಲೇ ಇರಿ ಅಂತೀರ, ಕರೆಂಟ್ ಇರ್ಬೇಕಲ್ವಾ! ಮಳೆಗಾಲದಲ್ಲಿ ಒಂದು ಗಾಳಿ ಬೀಸಿದ್ರೆ ಸಂಜೆ ತನಕ ಇಲ್ಲ.

ಚಾರ್ಜರ್_ಎಲ್ಲಿ · 11:33

ರೂಟರಿಗೆ ಸಣ್ಣ ಯುಪಿಎಸ್ ಸಿಗುತ್ತೆ ಅಕ್ಕ, 12 ವೋಲ್ಟಿಂದು, ಅಂಗೈ ಅಗಲ. ನಮ್ಮನೇಲಿ ಮೂರು ಗಂಟೆ ಬರುತ್ತೆ. ತಗೊಳ್ಳೋ ಮುಂಚೆ ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಬರೆದಿದೆ ನೋಡ್ಕೊಳ್ಳಿ, ಕೆಲವು 9 ಇರುತ್ತೆ

ರಿಟೈರ್ಡ್_ಪೋಸ್ಟ್ · 11:48

ನಾನು ಅಂಚೆ ಇಲಾಖೆಯಲ್ಲಿ 34 ವರ್ಷ ಇದ್ದವನು. ನಿಮ್ಮ ಫೆಚ್ಚು ನಮ್ಮಲ್ಲೂ ಇತ್ತು ನೋಡಿ. ಪೋಸ್ಟ್ ಬ್ಯಾಗ್ ಅಂತ. ದೂರದ ಎಸ್ಟೇಟಿನವರು ಬೆಳಿಗ್ಗೆ ಆಳು ಕಳಿಸೋರು, ಅವನು ಬೀಗ ಹಾಕಿದ ಚೀಲ ತಂದು ಕೊಟ್ಟು ತುಂಬಿಸಿಕೊಂಡು ಹೋಗೋನು. ಕೆಲವು ದಿನ ಒಂದು ಕಾರ್ಡೂ ಇರ್ತಿರಲಿಲ್ಲ, ಪಾಪ ಏಳು ಮೈಲಿ ನಡೆದು ಬಂದಿರ್ತಿದ್ದ. ಒಂದು ಲೋಟ ಕಾಫಿ ಕೊಟ್ಟು ಕಳಿಸ್ತಿದ್ವಿ. ಅದೇ ತಂತಿ ಬಂದರೆ ನಾವೇ ಸೈಕಲ್ ಹತ್ತಬೇಕು, ಮಳೆ ಇರಲಿ ರಾತ್ರಿ ಇರಲಿ. 2013ರ ಜುಲೈನಲ್ಲಿ ತಂತಿ ನಿಂತಿತು. ನಾನು ಕೊನೆಯ ದಿನ ನನ್ನ ಹೆಂಡತಿಗೇ ಒಂದು ಕಳಿಸಿದೆ, "ಸಂಜೆ ತಡ ಆಗುತ್ತೆ" ಅಂತ. ನಾನು ಮನೆಗೆ ಹೋದ ಮೇಲೆ ಅದು ಬಂತು.

ಗಂಗೊಳ್ಳಿ_ಗಾಳಿ · 11:52

ಅದು ಆಟೋಮ್ಯಾಟಿಕಲಿ ಹಾಕಿದ ತಂತಿ ಆಯ್ಕ್ 😂

ಒಂಟಿಕೊಪ್ಪಲ್_ಆಂಟಿ · 12:10

ಸಾರ್ ಎಷ್ಟ್ ಚೆನ್ನಾಗ್ ಬರ್ದಿದೀರ. ಆ ಚೀಲಕ್ಕೆ ಕೀ ಯಾರ ಹತ್ರ ಇರ್ತಿತ್ತು?

ರಿಟೈರ್ಡ್_ಪೋಸ್ಟ್ · 12:26

ಎರಡು ಕೀ. ಒಂದು ಪೋಸ್ಟ್‌ಮಾಸ್ಟರ್ ಹತ್ತಿರ, ಒಂದು ಎಸ್ಟೇಟ್ ಬಂಗಲೆಯಲ್ಲಿ. ಆಳಿನ ಹತ್ತಿರ ಇಲ್ಲ.

ಕೆ9_ಭಕ್ತ · 12:30

ಅಂದ್ರೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್. ಪೋಸ್ಟ್‌ಮಾಸ್ಟರ್ ಓದ್ಬಹುದು ಅನ್ನೋದೊಂದು ಬಿಟ್ರೆ.

ಜೆರ್ಸಿ_ಜವಾರಿ · ಮಧ್ಯಾಹ್ನ 1:15

ಇಲ್ಲಿ ರಾತ್ರಿ ಮೂರುಮುಕ್ಕಾಲು, ಆಫೀಸ್ ಮೇಲ್ ಟಣ್ ಅಂದು ಎಚ್ಚರ ಆಯ್ತು, ನಿದ್ದೆ ಹೋಯ್ತು, ಈ ಎಳೆ ಓದ್ತಾ ಕೂತೆ. ನನ್ನ ಕಥೆ ನಿಮ್ಮದರ ಉಲ್ಟಾ. ಎಕ್ಸ್‌ಚೇಂಜ್ ಪುಶ್ಶು, ಬೆಂಗ್ಳೂರು ಟೀಮಿಗೆ ಹಗಲಾದಾಗ ನನ್ನ ದಿಂಬಿನ ಪಕ್ಕ ಕೋಳಿ ಕೂಗುತ್ತೆ.

ಎಲ್ರೂ ಬೇಗ ಹೇಗೆ ಬರ್ಸೋದು ಅಂತ ಕೇಳ್ತಿದೀರ, ನಾನಂತೂ ವಿರುದ್ಧ ಪಾರ್ಟಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿಯವ್ರು 124 ಜನರ ಮೇಲೆ ಒಂದು ಪ್ರಯೋಗ ಮಾಡಿದ್ರು, 2015ರಲ್ಲಿ ಪ್ರಕಟ ಆಯ್ತು. ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಿ, ಇನ್ನೊಂದು ವಾರ ಬೇಕಾದಷ್ಟು ಸಲ ನೋಡಿ ಅಂತ. ಮೂರು ಸಲದ ವಾರದಲ್ಲಿ ಒತ್ತಡ ಕಡಿಮೆ ಇತ್ತು. ನಾನು ಅದನ್ನ ಓದಿ ಪರ್ಸನಲ್ ಅಕೌಂಟನ್ನ ಮ್ಯಾನ್ಯುಯಲ್‌ಗೆ ಹಾಕ್ದೆ, ಜೀವ ಹಗುರ ಆಯ್ತು.

ತೋಟದಂಚು · 1:24

ಸರ್, ದಿನಕ್ಕೆ ಮೂರು ಸಲ ನೋಡಿದ್ರೆ ನನ್ಗೆ ಒತ್ತಡ ಏನೂ ಇರಲ್ಲ. ಕೆಲಸವೂ ಇರಲ್ಲ.

ಜೆರ್ಸಿ_ಜವಾರಿ · 1:27

ಹಹಹ ಸೋತೆ ಮೇಡಂ. ಸಂಬಳದವ್ರ ಮಾತು ಇದು, ನಿಜ.

ಒಂಟಿಕೊಪ್ಪಲ್_ಆಂಟಿ · 1:30

ನೀವು ಮೊದ್ಲು ಮಲಗಿ ತಂದೆ. ಫೋನ್ ಹಾಲಲ್ಲಿ ಇಟ್ಟು ಮಲಗಿ.

ಹುಬ್ಬಳ್ಳಿ_ಗಿರ್ಮಿಟ್ · 1:42

ನನ್ನ ಪ್ರಶ್ನೆಗೆ ಯಾರೂ ಉತ್ರ ಕೊಡವಲ್ರಿ. ಅಕ್ಕಾರಿಗೆ ಬ್ರೆಡ್ ಗಾಡಿ, ಪೋಸ್ಟ್ ಚೀಲ ಎಲ್ಲಾ ಬಂತು, ನನ್ನ ಕಬ್ಬಿಣ ಹಂಗ ಬಿದ್ದೈತಿ.

ಸರ್ವರ್_ಸಣ್ಣಪ್ಪ · 1:58

ಬಂದೆ ಬಂದೆ, ಊಟಕ್ಕೆ ಹೋಗಿದ್ದೆ. ನಿಮ್ಮದ್ರಲ್ಲಿ ಎರಡು ತೊಡಕಿದೆ. ಆ್ಯಪ್ ಜಿಮೇಲ್ ಆದ ಮಾತ್ರಕ್ಕೆ ಅಕೌಂಟು ಜಿಮೇಲ್ ಆಗಲ್ಲ. ಸ್ವಂತ ಡೊಮೇನಿನ ಐಮ್ಯಾಪ್ (ಮೇಲನ್ನ ಸರ್ವರಲ್ಲೇ ಇಟ್ಟು ಎಲ್ಲ ಸಾಧನದಲ್ಲೂ ಓದೋ ಪದ್ಧತಿ) ಮೇಲನ್ನ ಜಿಮೇಲ್ ಆ್ಯಪಲ್ಲಿ ಹಾಕಿದ್ರೆ ಅದು ಫೆಚ್ ಮೇಲೇ ನಡೆಯೋದು. ಆ್ಯಪಲ್ಲಿ ಮೂರು ಗೆರೆ, ಸೆಟ್ಟಿಂಗ್ಸ್, ಆ ಅಕೌಂಟ್ ಒತ್ತಿ, ಸಿಂಕ್ ಫ್ರೀಕ್ವೆನ್ಸಿ ಅಂತ ಇರುತ್ತೆ. ಅದು ಎಷ್ಟಿದೆ?

ಎರಡನೇದು, ಫೋನ್ ಎಲ್ಲಿಟ್ಟಿರ್ತೀರ?

ಹುಬ್ಬಳ್ಳಿ_ಗಿರ್ಮಿಟ್ · 2:06

15 ಮಿನಿಟ್ ಐತ್ರಿ ಅಲ್ಲೆ. ಫೋನ್ ಗಲ್ಲಾದ ಬಾಜೂ ಇಟ್ಟಿರ್ತೀನಿ. ಮುಂಜಾನೆ ಗಿರಾಕಿ ಭಾಳ, ಮುಟ್ಟೂದ ಇಲ್ಲ.

ಸರ್ವರ್_ಸಣ್ಣಪ್ಪ · 2:15

ಅಷ್ಟೇ ಬೇಕಿತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಜ್ ಅಂತ ಒಂದಿದೆ. ಚಾರ್ಜಿಗೆ ಹಾಕ್ದೆ, ಪರದೆ ಆರಿ, ಅಲುಗಾಡ್ದೆ ಬಿದ್ದಿರೋ ಫೋನು ತೂಕಡಿಸೋಕೆ ಶುರು ಮಾಡುತ್ತೆ. ಆಮೇಲೆ 15 ನಿಮಿಷ ಗಿನಿಮಿಷ ಯಾವ ಅಲಾರಮ್ಮೂ ಅದಕ್ಕೆ ಲೆಕ್ಕಕ್ಕಿಲ್ಲ. ಆಗಾಗ ಒಂದು ಕಣ್ಣು ತೆಗ್ದು, ಬಾಕಿ ಇರೋ ಕೆಲಸ ಎಲ್ಲ ಒಟ್ಟಿಗೆ ಮುಗ್ಸಿ ಮತ್ತೆ ಮಲಗುತ್ತೆ. ಹೊತ್ತು ಹೋದಷ್ಟೂ ಕಣ್ಣು ತೆಗೆಯೋದು ಅಪರೂಪ ಆಗುತ್ತೆ. ಇದು ಗೂಗಲ್‌ದು. ಇದ್ರ ಮೇಲೆ ಕೆಲವು ಬ್ರ್ಯಾಂಡಿನವ್ರು ತಮ್ಮದೂ ಒಂದು ಬ್ಯಾಟರಿ ಸೇವರ್ ಹಾಕಿರ್ತಾರೆ, ಅದು ಡೋಜ್‌ಗಿಂತ ನಿರ್ದಾಕ್ಷಿಣ್ಯ, ಆ್ಯಪನ್ನೇ ಸಾಯಿಸಿಬಿಡುತ್ತೆ.

ಫೋನ್ ಸೆಟ್ಟಿಂಗ್ಸಲ್ಲಿ ಆ್ಯಪ್ಸ್, ಜಿಮೇಲ್, ಬ್ಯಾಟರಿ, ಅಲ್ಲಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ. ಆಟೋಸ್ಟಾರ್ಟ್ ಅಂತ ಬೇರೆ ಇದ್ರೆ ಅದನ್ನೂ ಆನ್ ಮಾಡಿ. ಅಥ್ವಾ ಸೀದಾ ಉಪಾಯ, ಗಲ್ಲಾದ ಪಕ್ಕ ಒಂದು ಚಾರ್ಜರ್ ಚುಚ್ಚಿ ಫೋನ್ ಅದಕ್ಕೇ ಸಿಗ್ಸಿಡಿ. ಚಾರ್ಜಲ್ಲಿರೋ ಫೋನು ಡೋಜಿಗೆ ಹೋಗಲ್ಲ.

ಕೆ9_ಭಕ್ತ · 2:31

ಅಥ್ವಾ ಕೆ-9 ಮೇಲ್ ಅನ್ನೋ ಆ್ಯಪ್!! ಈಗ ಥಂಡರ್‌ಬರ್ಡ್ ಹೆಸ್ರಲ್ಲೂ ಬರುತ್ತೆ, 2024ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡಿಗೆ ಬಿಟ್ರು, ಒಳಗಡೆ ಕೆ-9ರ ಕೋಡೇ. ಅದ್ರಲ್ಲಿ ಐಮ್ಯಾಪ್ ಐಡಲ್ ಇದೆ. ಐಡಲ್ ಅಂದ್ರೆ ಏನು ಗೊತ್ತಾ, ಫೋನು ಸರ್ವರ್‌ಗೆ ಫೋನ್ ಮಾಡಿ "ನಾನು ಲೈನಲ್ಲೇ ಇರ್ತೀನಿ, ಏನಾದ್ರೂ ಬಂದ್ರೆ ಹೇಳು" ಅಂತ ಸುಮ್ನೆ ಕೂರೋದು. ಇವತ್ತಿನ ಮಾತಲ್ಲ, 1997ರಲ್ಲೇ ಇಂಟರ್ನೆಟ್ ನಿಯಮಗಳ ಕಡತದಲ್ಲಿ ಆರ್‌ಎಫ್‌ಸಿ 2177 ಅಂತ ಬರೆದಿಟ್ಟಿದ್ದಾರೆ. 29 ನಿಮಿಷಕ್ಕೊಂದ್ಸಲ "ಇದೀಯಾ?" "ಇದೀನಿ" ಅಂದ್ರೆ ಸಾಕು ಅಂತ. ಗೂಗಲ್‌ದೂ ಬೇಡ ಆ್ಯಪಲ್‌ದೂ ಬೇಡ, ನಿಮ್ಮ ಸರ್ವರ್ ನೀವು, ಮಧ್ಯೆ ಯಾರಿಲ್ಲ.

ಸರ್ವರ್_ಸಣ್ಣಪ್ಪ · 2:40

29 ನಿಮಿಷ ಅನ್ನೋದು ಪುಸ್ತಕದ ಬದನೆಕಾಯಿ. ಮೊಬೈಲ್ ನೆಟ್‌ವರ್ಕಲ್ಲಿ ಸುಮ್ನಿರೋ ಕನೆಕ್ಷನ್ನನ್ನ ಅದಕ್ಕಿಂತ ಮುಂಚೇನೇ ಕತ್ತರಿಸಿ ಬಿಸಾಕ್ತಾರೆ. ಆದ್ರೂ ಗಿರ್ಮಿಟ್ ಅವ್ರಿಗೆ ಇದು ಸರಿಹೋಗುತ್ತೆ, ಅಂಗಡೀಲಿ ವೈಫೈ ಇದ್ರೆ. ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಮಾಡೋದು ಇದಕ್ಕೂ ಬಿಡಂಗಿಲ್ಲ.

ಒಂಟಿಕೊಪ್ಪಲ್_ಆಂಟಿ · 2:55

ನನ್ಗೆ ಐಮ್ಯಾಪ್ ಪಾಪ್ ಎಲ್ಲ ತಲೆಗೆ ಹೋಗಲ್ಲ. ನಮ್ಮ ಭಾವ ಒಬ್ರು ಪಾಪ್ ಅಂತ ಏನೋ ಹಾಕ್ಕೊಂಡು ಫೋನಿಗೆ ಮೇಲ್ ಬಂದ್ರೆ ಕಂಪ್ಯೂಟರಲ್ಲಿ ಕಾಣೆ ಅಂತ ಒಂದು ವರ್ಷ ಒದ್ದಾಡಿದ್ರು, ಎಲ್‌ಐಸಿ ರಸೀದಿ ಎಲ್ಲ ಹಳೇ ಫೋನಲ್ಲೇ ಉಳೀತು.

ಕೆ9_ಭಕ್ತ · 3:01

ಪಾಪ್3 ಅಂದ್ರೆ ಹಾಗೇ ಆಂಟಿ, ಡಬ್ಬಿ ಬಗ್ಗಿಸಿ ಪೂರ್ತಿ ಸುರ್ಕೊಂಡು ಹೋಗೋದು. ಸರ್ವರಲ್ಲಿ ಒಂದು ಪ್ರತಿ ಬಿಡು ಅಂತ ಟಿಕ್ ಹಾಕ್ದಿದ್ರೆ ಅಲ್ಲಿ ಏನೂ ಉಳಿಯಲ್ಲ. ಮನೇಲಿ ಎರಡು ಮೂರು ಸಾಧನ ಇರೋರು ಪಾಪ್ ತಂಟೆಗೆ ಹೋಗ್ಬಾರ್ದು.

ತೋಟದಂಚು · ಸಂಜೆ 4:20

ವರದಿ. ಜಿಮೇಲ್ ಆ್ಯಪ್ ಹಾಕ್ದೆ. ಯಜಮಾನ್ರ ಫೋನಿಂದ ಪರೀಕ್ಷೆಗೆ ಅಂತ ಮೇಲ್ ಹಾಕ್ಸಿದ್ರೆ ಅವ್ರು ಕಳಿಸು ಒತ್ತಿ ಬೆರಳು ಎತ್ತೋ ಮುಂಚೆ ಬಂತು! ಎರಡನೇದು, ಮೂರನೇದು ಹಾಗೇ. ಖುಷಿಯಾಗಿ ಕೊಟ್ಟಿಗೆಗೆ ಹೋದೆ. ಬಂದು ನೋಡ್ತೀನಿ, ಏಜೆನ್ಸಿದು ಒಂದು ಮೇಲ್ 3:02ಕ್ಕೆ ಬಂದಿದೆ, ಆ್ಯಪ್ ಒಳಗೆ ಇದೆ, ಆದ್ರೆ ಸದ್ದೇ ಆಗ್ಲಿಲ್ಲ. ಅದೂ ಹೋಯ್ತು. ಏಜೆನ್ಸಿಯವ್ರ ಕಡೆಯಿಂದ್ಲೇ ತಡ ಇರ್ಬಹುದಾ?

ಸರ್ವರ್_ಸಣ್ಣಪ್ಪ · 4:33

ಅನುಮಾನ ಬೇಡ, ನೋಡೇಬಿಡೋಣ. ಕಂಪ್ಯೂಟರಲ್ಲಿ ಜಿಮೇಲ್ ತೆಗ್ದು ಆ ಮೇಲಿನ ಬಲಗಡೆ ಮೂರು ಚುಕ್ಕೆ ಒತ್ತಿ, ಶೋ ಒರಿಜಿನಲ್ ಅಂತ ಇರುತ್ತೆ. ಮೇಲ್ಗಡೆ ಯಾವಾಗ ಹುಟ್ತು, ಎಷ್ಟು ಸೆಕೆಂಡಿಗೆ ತಲುಪ್ತು ಅಂತ ಬರೆದಿರುತ್ತೆ. ನಿನ್ನೆ ಕೈಪಿಡಿದೂ ನೋಡಿ.

ತೋಟದಂಚು · 4:51

ಇವತ್ತಿಂದು "2 ಸೆಕೆಂಡಲ್ಲಿ ತಲುಪಿದೆ". ನಿನ್ನೆದು 3 ಸೆಕೆಂಡು. ಮೂರು ಸೆಕೆಂಡಿಗೆ ಬಂದು ಮುಕ್ಕಾಲು ಗಂಟೆ ಹೊಸ್ಲಲ್ಲಿ ಕೂತಿತ್ತು ಅಂತಾಯ್ತು. ಏಜೆನ್ಸಿಯವ್ರನ್ನ ಮನಸ್ಸಲ್ಲೇ ಬೈದಿದ್ದೆ, ತಪ್ಪಾಯ್ತು.

ಕೆ9_ಭಕ್ತ · 4:58

ಎಲ್ಲ ಸಲ ಹಾಗಿರಲ್ಲ. ಕೆಲವು ಸರ್ವರ್ ಗುರುತಿಲ್ಲದವ್ರ ಮೇಲನ್ನ ಮೊದ್ಲ ಸಲ "ಆಮೇಲೆ ಬಾ" ಅಂತ ವಾಪಸ್ ಕಳಿಸ್ತವೆ. ನಿಜವಾದ ಸರ್ವರ್ ಮತ್ತೆ ಬರುತ್ತೆ, ಸ್ಪ್ಯಾಮ್ ಕಳಿಸೋನು ಮತ್ತೆ ಬರಲ್ಲ, ಆ ನಂಬಿಕೆ. ಗ್ರೇಲಿಸ್ಟಿಂಗ್ ಅಂತಾರೆ. ಅಂಥ ಕಡೆ ಹತ್ತು ನಿಮಿಷ ಅರ್ಧ ಗಂಟೆ ದಾರೀಲೇ ಹೋಗುತ್ತೆ, ಫೋನ್ ಏನ್ ಮಾಡಿದ್ರೂ ಸುಖ ಇಲ್ಲ. ನಿಮ್ಮದ್ರಲ್ಲಿ ಅದಿಲ್ಲ ಬಿಡಿ.

ಗಂಗೊಳ್ಳಿ_ಗಾಳಿ · 5:05

ಸದ್ದು ಯಾಕೆ ಆಯ್ಲಿಲ್ಲ ಅಂದ್ರೆ, ಏಜೆನ್ಸಿ ಮೇಲ್ ಪ್ರೊಮೋಷನ್ಸ್ ಅಂತ ಬೇರೆ ಡಬ್ಬಿಗೆ ಬಿದ್ದಿತ್ತಾ ಕಾಣಿ. ಒಟ್ಟಿಗೆ ಹತ್ತು ಜನಕ್ಕೆ ಕಳ್ಸಿದ್ದ್ ಅಲ್ದಾ, ಜಿಮೇಲ್ ಅದನ್ನ ಜಾಹೀರಾತು ಅಂದ್ಕಂತ್. ನೋಟಿಫಿಕೇಶನ್ ಪ್ರೈಮರಿ ಓನ್ಲಿ ಅಂತ ಇದ್ರೆ ಆ ಡಬ್ಬಿಯದ್ದಕ್ಕೆ ಗಂಟೆ ಬಾರಿಸೂದಿಲ್ಲ. ನಂದು ಒಂದ್ಸಲ ಹಾಂಗೇ ಆಯಿತ್.

ತೋಟದಂಚು · 5:12

ಹೌದು ಮಾರಾಯ್ರೇ!! ಪ್ರೊಮೋಷನ್ಸಲ್ಲೇ ಇತ್ತು, ಒಂದು ಕಡೆ ಸೀರೆ ಸೇಲು, ಇನ್ನೊಂದು ಕಡೆ ಸಾಲ ಬೇಕಾ ಅನ್ನೋದು, ನಡುವೆ ನನ್ನ ಅನ್ನ. ಆ ಮೇಲನ್ನ ಪ್ರೈಮರಿಗೆ ಸರಿಸಿದೆ. ಇನ್ಮುಂದೆ ಅವ್ರದ್ದು ಅಲ್ಲಿಗೇ ಬರುತ್ತಾ?

ಸರ್ವರ್_ಸಣ್ಣಪ್ಪ · 5:20

ಸಾಮಾನ್ಯವಾಗಿ ಕಲ್ತುಕೊಳ್ಳುತ್ತೆ. ಗ್ಯಾರಂಟಿ ಬೇಕಂದ್ರೆ ಕಂಪ್ಯೂಟರಲ್ಲಿ ಒಂದು ಫಿಲ್ಟರ್ ಹಾಕಿ. ಅವ್ರ ಅಡ್ರೆಸ್ ಕೊಟ್ಟು, ಕೆಟಗರಿ ಪ್ರೈಮರಿ ಅಂತ ಆಯ್ಕೆ ಮಾಡಿ, ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್ ಅನ್ನೋದಕ್ಕೂ ಟಿಕ್ ಹಾಕ್ಬಿಡಿ.

ಚಾರ್ಜರ್_ಎಲ್ಲಿ · 5:24

ಲೋ ಪವರ್ ಮೋಡ್ ಆನ್ ಇದ್ರೆ ಐಫೋನ್ ಫೆಚ್ ನಿಲ್ಸುತ್ತೆ, ಬ್ಯಾಟರಿ ಐಕಾನ್ ಹಳದಿ ಇದ್ಯಾ ಅಂತನೂ ನೋಡ್ಕೊಳ್ಳಿ ಅಕ್ಕ. ನಮ್ಮಮ್ಮ ಆರು ತಿಂಗ್ಳು ಹಳದೀಲೇ ಇದ್ರು, ಚಾರ್ಜ್ 80 ದಾಟಿದ್ರೆ ತಾನೇ ಆಫ್ ಆಗುತ್ತೆ ಆದ್ರೆ ನಮ್ಮಮ್ಮ ಯಾವತ್ತೂ 80 ದಾಟ್ಸಲ್ಲ, ಬ್ಯಾಟರಿ ಉಬ್ಬುತ್ತೆ ಅಂತ ಯಾರೋ ಹೇಳಿದಾರೆ

ರಿಟೈರ್ಡ್_ಪೋಸ್ಟ್ · 5:40

ಒಂದು ಅನುಮಾನ. ಪುಶ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ತಳ್ಳು ಎಂದರೆ ಬಾಗಿಲ ಮೇಲಿನ ಬೋರ್ಡಿನ ಹಾಗಿದೆ.

ಗಂಗೊಳ್ಳಿ_ಗಾಳಿ · 5:43

ಹಾರ್ನ್.

ಒಂಟಿಕೊಪ್ಪಲ್_ಆಂಟಿ · 5:50

ಕರೆಗಂಟೆ ಮೇಲ್?

ಕೆ9_ಭಕ್ತ · 5:55

ಪುಶ್ ಅಂದ್ರೆ ಪುಶ್. ಬಸ್ಸಿಗೆ ಬಸ್ಸೇ ಅಲ್ವಾ ಸಾರ್. ಈ ವಿಷಯ ಶುರು ಆದ್ರೆ ಇನ್ನೂರು ಪ್ರತಿಕ್ರಿಯೆ ಆಗುತ್ತೆ, ಬೇಡ.

ಹುಬ್ಬಳ್ಳಿ_ಗಿರ್ಮಿಟ್ · ಮರುದಿನ ಬೆಳಿಗ್ಗೆ 10:35

ಥಂಡರ್‌ಬರ್ಡ್ ಹಾಕಿದ್ಯಾ, ಪುಶ್ ಆನ್ ಮಾಡಿದ್ಯಾ, ಬ್ಯಾಟರಿನೂ ಅನ್‌ರಿಸ್ಟ್ರಿಕ್ಟೆಡ್. ಮುಂಜಾನೆ 8:40ಕ್ಕ ರೇಟ್ ಲಿಸ್ಟ್ ಬಂತ್ರೀ, ಗಿರಾಕಿ ಮುಂದ ನಿಂತಿದ್ದ, ಹೊಸಾ ರೇಟ್ ಹೇಳಿದ್ಯಾ, ಬೈಕೋತ ಬಾಜೂ ಅಂಗಡಿಗೆ ಹ್ವಾದ. ಅವಂಗ ಇನ್ನೂ ಹಳೇ ರೇಟ ಐತಿ, ಮೇಲ್ ನೋಡಿಲ್ಲ ಅಂವಾ.

ಆದ್ರ ಮ್ಯಾಲೆ ಒಂದ್ ನೋಟಿಫಿಕೇಶನ್ ಕುಂತೈತಿ, ಹೊಸಾ ಮೇಲ್‌ಗೆ ಕಾಯಾಕತ್ತೀನಿ ಅಂತ. ಎಷ್ಟ್ ಸರಿಸಿದ್ರೂ ಹೋಗವಲ್ದು.

ಕೆ9_ಭಕ್ತ · 10:48

ಅದು ಹೋಗ್ಬಾರ್ದು ಸಾರ್, ಅದಿದ್ರೇನೇ ಆಂಡ್ರಾಯ್ಡು ಆ ಆ್ಯಪನ್ನ ಜೀವಂತ ಬಿಡೋದು. ಕಣ್ಣಿಗೆ ಕಿರಿಕಿರಿ ಅಂದ್ರೆ ಅದ್ರ ಮೇಲೆ ಬೆರಳು ಒತ್ತಿ ಹಿಡೀರಿ, ಆ ಬಗೆಯ ನೋಟಿಫಿಕೇಶನ್ ಮಾತ್ರ ಆಫ್ ಮಾಡ್ಬಹುದು. ಪೂರ್ತಿ ಆ್ಯಪಿನ ನೋಟಿಫಿಕೇಶನ್ ಆಫ್ ಮಾಡ್ಬೇಡಿ ಮತ್ತೆ.

ಹುಬ್ಬಳ್ಳಿ_ಗಿರ್ಮಿಟ್ · 10:53

ಇರ್ಲಿ ಬಿಡ್ರಿ ಹಂಗಾರ, ಕಾಯಲಿ.

ತೋಟದಂಚು · ಬೆಳಿಗ್ಗೆ 11:47

11:36ಕ್ಕೆ ಟಣ್ ಅಂತು. ಅಡಿಕೆ ಸುಲೀತಾ ಕೂತಿದ್ದೆ, ಕೈಯೆಲ್ಲ ಕಂದು, ಬೆರಳಚ್ಚು ತಗೊಳ್ಳಲ್ಲ, ಎಡಗೈ ಕಿರುಬೆರಳಲ್ಲಿ ಪಾಸ್‌ಕೋಡ್ ಒತ್ತಿ "ನಾನು ಮಾಡ್ತೀನಿ" ಅಂತ ಕಳಿಸ್ದೆ. ಸಿಕ್ತು!! ಮೂವತ್ತೊಂದು ಪುಟ, ಹಾಲಿನ ಸಂಘದ ತರಬೇತಿ ಪುಸ್ತಕ, ಶುಕ್ರವಾರದೊಳಗೆ ಕೊಡ್ಬೇಕು.

ಕೊನೇ ಒಂದು ಪ್ರಶ್ನೆ. ಏಜೆನ್ಸಿ ಹುಡುಗ ಫೋನ್ ಮಾಡಿ "ಪುಟಕ್ಕೆ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಮೇಡಂ, ನೀವೇನು ಐಫೋನ್ ಇಟ್ಕೊಂಡೋರು" ಅಂದ. ಅವ್ನಿಗೆ ಹೇಗೆ ಗೊತ್ತಾಯ್ತು ಅಂತ ನೋಡಿದ್ರೆ ನನ್ನ ಹಳೇ ಮೇಲ್‌ಗಳ ಅಡಿಯಲ್ಲೆಲ್ಲ ಸೆಂಟ್ ಫ್ರಮ್ ಮೈ ಐಫೋನ್ ಅಂತ ಹೋಗಿದೆ. ಅದನ್ನ ಎಲ್ಲಿ ತೆಗೆಯೋದು?

ಸರ್ವರ್_ಸಣ್ಣಪ್ಪ · 11:52

ಸೆಟ್ಟಿಂಗ್ಸ್, ಆ್ಯಪ್ಸ್, ಮೇಲ್, ತೀರಾ ಕೆಳಗೆ ಸಿಗ್ನೇಚರ್. ಅಳಿಸ್ಬಿಡಿ.

ಗಂಗೊಳ್ಳಿ_ಗಾಳಿ · 11:54

ಅಳಿಸೂದ್ ಎಂತಕೆ, "ಗಂಡನ ಹಳೇ ಫೋನಿನಿಂದ ಕಳಿಸಿದ್ದು" ಅಂತ ಬರೀನಿ.